ಜೂನ್ ಬಿಲ್ ಇಳಿಸಿದ್ದು ಯಾರು? ಕಟ್ಟಡದ ಕರೆಂಟ್ ಡೇಟಾ ಓದುವವರಿಗೆ ಟಿಪ್ಪಣಿ

ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಮೇ ಕೊನೆಗೆ ಎಸಿಗಳಿಗೆ ಹೊಸ ಕಂಟ್ರೋಲರ್ ಹಾಕಿಸಿದರು ಅಂದುಕೊಳ್ಳಿ. ಜೂನ್ ಬಿಲ್ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಇಳಿಯಿತು. ಮಾರಿದವರಿಗೂ ಖುಷಿ, ಕೊಂಡವರಿಗೂ ಖುಷಿ. ಆದರೆ ಆ ನಡುವೆ ಮಳೆಯೂ ಶುರುವಾಯಿತಲ್ವಾ? ಇಳಿದ ಯೂನಿಟ್‌ಗಳಲ್ಲಿ ಮಳೆಯ ಪಾಲು ಎಷ್ಟು, ಕಂಟ್ರೋಲರ್ ಪಾಲು ಎಷ್ಟು? ಕಟ್ಟಡಗಳ ಡೇಟಾ ಅನಾಲಿಟಿಕ್ಸ್ ಕಲಿಯುವವರು ಮೊದಲು ಹಿಡಿಯಬೇಕಾದ ಪ್ರಶ್ನೆ ಇದೇ ಅಂತ ನನಗೆ ಅನ್ನಿಸುತ್ತದೆ. ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಆಮೇಲೆ ಮಾಡಿದರೂ ನಡೆಯುತ್ತದೆ.

ಮೀಟರ್ ಉರಿದ ಯೂನಿಟ್ ತೋರಿಸುತ್ತದೆ. ಉಳಿದ ಯೂನಿಟ್ ತೋರಿಸುವ ಮೀಟರ್ ಇಲ್ಲ. ಹಾಗಾಗಿ ಉಳಿತಾಯವನ್ನು ಲೆಕ್ಕ ಹಾಕಿಯೇ ತೆಗೆಯಬೇಕು. ಏನೂ ಬದಲಾಯಿಸದೇ ಇದ್ದಿದ್ದರೆ ಇದೇ ಹವೆಯಲ್ಲಿ ಎಷ್ಟು ಉರಿಯುತ್ತಿತ್ತು, ನಿಜವಾಗಿ ಎಷ್ಟು ಉರಿಯಿತು, ಇವೆರಡರ ವ್ಯತ್ಯಾಸವೇ ಉಳಿತಾಯ. ಮೊದಲನೆಯದಕ್ಕೆ ಬೇಸ್‌ಲೈನ್ ಅನ್ನುತ್ತಾರೆ.

ಬೇಸ್‌ಲೈನ್ ಕಟ್ಟಲು ಕನಿಷ್ಠ 12 ತಿಂಗಳ ಬಿಲ್ ಬೇಕು. ಬೇಸಿಗೆ, ಮಳೆಗಾಲ, ಚಳಿ ಮೂರೂ ಅದರಲ್ಲಿ ಬರಬೇಕು. ಜೊತೆಗೆ ಆ ಊರಿನದೇ ದಿನದ ಸರಾಸರಿ ಉಷ್ಣಾಂಶ ಬೇಕು. ಹುಬ್ಬಳ್ಳಿ, ಧಾರವಾಡ ಅವಳಿ ನಗರಗಳಾದರೂ ಹವೆ ಒಂದೇ ಅಲ್ಲ. ಧಾರವಾಡ ಇನ್ನೂ ಎತ್ತರದಲ್ಲಿದೆ, ತಂಪೂ ಜಾಸ್ತಿ. ಅಲ್ಲಿನ ಕಟ್ಟಡಕ್ಕೆ ಇಲ್ಲಿನ ಉಷ್ಣಾಂಶ ಹಾಕಬೇಡಿ.

ಈಗ ಕೂಲಿಂಗ್ ಡಿಗ್ರಿ ಡೇ, ಅಂದರೆ ಹವೆಯಿಂದಾಗಿ ಎಸಿ ಎಷ್ಟು ಬೇಕಾಯಿತು ಎಂಬುದರ ಅಳತೆ. ಹೊರಗಿನ ಸರಾಸರಿ 22 ಡಿಗ್ರಿ ದಾಟಿದ ಮೇಲೆ ಈ ಕಟ್ಟಡದಲ್ಲಿ ಎಸಿ ಬೇಕಾಗುತ್ತದೆ ಅಂತ ಇಟ್ಟುಕೊಳ್ಳೋಣ. ದಿನದ ಸರಾಸರಿ 28 ಇದ್ದರೆ ಆ ದಿನಕ್ಕೆ 6 ಡಿಗ್ರಿ ಡೇ. 22ಕ್ಕಿಂತ ಕಡಿಮೆ ಇದ್ದರೆ ಸೊನ್ನೆ. ಹೀಗೆ ತಿಂಗಳಿಡೀ ಕೂಡಿಸಬೇಕು. ಎಕ್ಸೆಲ್‌ನಲ್ಲಿ ಒಂದು ಕಾಲಂ ಡಿಗ್ರಿ ಡೇ, ಇನ್ನೊಂದು ಕಾಲಂ ಯೂನಿಟ್. ಇವೆರಡರ ಗ್ರಾಫ್ ಹಾಕಿ, ಚುಕ್ಕೆಗಳಿಗೆಲ್ಲ ಆದಷ್ಟು ಹತ್ತಿರ ಹಾಯುವ ಒಂದು ಸರಳ ರಿಗ್ರೆಶನ್ ಗೆರೆ ಎಳೆದರೆ ಸೂತ್ರ ಸಿಗುತ್ತದೆ. ನಮ್ಮ ಉದಾಹರಣೆಗೆ ಅದು ಹೀಗಿರಲಿ: ತಿಂಗಳ ಯೂನಿಟ್ = 4,000 + 30 × ಡಿಗ್ರಿ ಡೇ.

ಮೇ ತಿಂಗಳಲ್ಲಿ ದಿನಕ್ಕೆ 6ರಂತೆ 31 ದಿನಕ್ಕೆ 186 ಡಿಗ್ರಿ ಡೇ. ಸೂತ್ರದ ಪ್ರಕಾರ 9,580 ಯೂನಿಟ್. ಬಿಲ್ಲಿನಲ್ಲೂ ಅಷ್ಟೇ ಬಂತು ಅಂದುಕೊಳ್ಳಿ. ಜೂನ್‌ನಲ್ಲಿ ಮೋಡ, ಮಳೆ. ಸರಾಸರಿ 25ಕ್ಕೆ ಇಳಿಯಿತು. 30 ದಿನಕ್ಕೆ 90 ಡಿಗ್ರಿ ಡೇ, ಅಂದರೆ 6,700 ಯೂನಿಟ್. ಬಿಲ್ ತೋರಿಸಿದ್ದು 6,500. ಒಟ್ಟು ಇಳಿಕೆ 3,080, ಸುಮಾರು ಶೇ 32. ಅದರಲ್ಲಿ 2,880 ಮಳೆಯದು. ಕಂಟ್ರೋಲರ್‌ಗೆ ಉಳಿಯುವುದು 200, ಅಂದರೆ 6,700ರ ಶೇ 3.

ಆ 200 ಕೂಡ ಪೂರ್ತಿ ನಂಬಿಕೆಯದಲ್ಲ. ಸೂತ್ರವನ್ನು ಹಳೆಯ 12 ತಿಂಗಳಿಗೇ ಹಾಕಿ ನೋಡಿ. ಪ್ರತಿ ತಿಂಗಳೂ 400 ಯೂನಿಟ್‌ನಷ್ಟು ಆಚೆ ಈಚೆ ಆಗುತ್ತಿದ್ದರೆ, ಒಂದು ತಿಂಗಳ 200 ಉಳಿತಾಯವನ್ನು ಸಾಬೀತು ಮಾಡಲು ಆಗುವುದಿಲ್ಲ. ಇನ್ನಷ್ಟು ತಿಂಗಳು ಕಾಯಬೇಕು. ವ್ಯತ್ಯಾಸ ಪ್ರತಿ ತಿಂಗಳೂ ಒಂದೇ ಕಡೆಗೆ ಸೇರುತ್ತಾ ಹೋದರೆ ಮಾತ್ರ ನಿಜವಾದ ಉಳಿತಾಯ ಅನ್ನಬಹುದು. ಹೋಲಿಕೆಗೆ ಇನ್ನೊಂದು ಲೆಕ್ಕ: ಎಸಿಯ ಉಷ್ಣಾಂಶ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಕರೆಂಟ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಹೇಳುತ್ತದೆ. ಇದು ಇಡೀ ಬಿಲ್ಲಿನ ಶೇ 6 ಅಲ್ಲ, ಎಸಿ ಭಾಗದ್ದು. ಮೇ ತಿಂಗಳ ಎಸಿ ಭಾಗ 30 × 186, ಅಂದರೆ 5,580 ಯೂನಿಟ್; ಅದರ ಶೇ 6 ಅಂದರೆ 335. ಖರ್ಚು ಏನೂ ಇಲ್ಲ.

ವರ್ಷದ ಯೂನಿಟ್‌ಗಳನ್ನು ಕಟ್ಟಡದ ಚದರ ಮೀಟರ್‌ನಿಂದ ಭಾಗಿಸಿದರೆ ಇಪಿಐ (ಎನರ್ಜಿ ಪರ್ಫಾರ್ಮೆನ್ಸ್ ಇಂಡೆಕ್ಸ್) ಸಿಗುತ್ತದೆ. ಆದರೆ 10 ಗಂಟೆ ನಡೆಯುವ ಕಚೇರಿಯನ್ನೂ 24 ಗಂಟೆ ನಡೆಯುವ ಆಸ್ಪತ್ರೆಯನ್ನೂ ಇಪಿಐ ಇಟ್ಟುಕೊಂಡು ಹೋಲಿಸಿದರೆ ಏನೂ ತಿಳಿಯುವುದಿಲ್ಲ.

ಡೇಟಾ ಶುದ್ಧ ಮಾಡುವಾಗ ನಮ್ಮ ಕಡೆಯ ಮೂರು ಸಂಗತಿ ನೆನಪಿರಲಿ. ನೀರು ದಿನಾ ಬಾರದ ಬಡಾವಣೆಗಳಲ್ಲಿ, ನೀರು ಬಂದ ದಿನ ಸಂಪಿನಿಂದ ಟ್ಯಾಂಕಿಗೆ ಪಂಪ್ ಗಂಟೆಗಟ್ಟಲೆ ಓಡುತ್ತದೆ. ಗ್ರಾಫ್‌ನಲ್ಲಿ ಅದು ದೋಷದ ಹಾಗೆ ಕಾಣುತ್ತದೆ, ಆದರೆ ದೋಷವಲ್ಲ. ನೀರಿನ ದಿನಗಳನ್ನು ಬೇರೆ ಕಾಲಂನಲ್ಲಿ ಗುರುತು ಹಾಕಿ. ಕರೆಂಟ್ ಹೋದಾಗ ಮೀಟರ್ ಸೊನ್ನೆ ತೋರಿಸಿದರೂ ಕಟ್ಟಡ ಜನರೇಟರ್ ಮೇಲೆ ನಡೆದಿರುತ್ತದೆ. ಆ ಸೊನ್ನೆಯನ್ನು ಬಳಕೆ ಅಂತ ಸೇರಿಸಬಾರದು. ಚಾವಣಿ ಮೇಲೆ ಸೋಲಾರ್ ಇದ್ದರೆ ನಿಜವಾದ ಬಳಕೆ ಅಂದರೆ ಗ್ರಿಡ್‌ನಿಂದ ಬಂದದ್ದು, ಕೂಡಿಸು ಸೋಲಾರ್ ಉತ್ಪಾದನೆ, ಕಳೆ ಹೆಸ್ಕಾಂಗೆ ಹೋದದ್ದು. ನೆಟ್ ಬಿಲ್ ಮಾತ್ರ ನೋಡಿದರೆ ಬೇಸ್‌ಲೈನ್ ಪೂರ್ತಿ ಕೆಡುತ್ತದೆ.

ಮತ್ತೆ ಆ 4,000ಕ್ಕೆ ಬರೋಣ. ಹವೆ ಹೇಗಿದ್ದರೂ ಉರಿಯುವ ಯೂನಿಟ್ ಇವು. ಇದನ್ನು ಬಿಡಿಸಲು ತಿಂಗಳ ಬಿಲ್ ಸಾಲದು, 15 ನಿಮಿಷದ ರೀಡಿಂಗ್ ಬೇಕು. ದಿನಕ್ಕೆ 96 ಸಂಖ್ಯೆ. ಒಂದು ರೀಡಿಂಗಿನ ಯೂನಿಟ್‌ಗಳನ್ನು 4ರಿಂದ ಗುಣಿಸಿದರೆ ಆಗಿನ ಸರಾಸರಿ ಕಿಲೋವ್ಯಾಟ್. ಮೊದಲು ರಾತ್ರಿ 1ರಿಂದ 4ರವರೆಗೆ ನೋಡಿ. ಆಗ 3 ಕಿಲೋವ್ಯಾಟ್ ಓಡುತ್ತಿದೆ ಅನ್ನಿ. ಯಾರೂ ಇಲ್ಲದ 12 ಗಂಟೆ, 30 ದಿನ: 1,080 ಯೂನಿಟ್. 4,000ದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ! ಸರ್ವರ್ ಕೋಣೆ ಬೇಕೇ ಬೇಕು ಅನ್ನಿ. ಆದರೆ ವಾಟರ್ ಕೂಲರ್, ಸುಮ್ನೆ ಆನ್ ಇರುವ ಪ್ರಿಂಟರ್, ವರಾಂಡದ ದೀಪ? ರಾತ್ರಿ ಒಬ್ಬರು ನಿಂತು ಒಂದೊಂದೇ ಸ್ವಿಚ್ ಆಫ್ ಮಾಡಿ ಮೀಟರ್ ನೋಡಿದರೆ ಯಾವುದು ಎಷ್ಟು ತಿನ್ನುತ್ತದೆ ಎಂಬುದು ತಿಳಿಯುತ್ತದೆ. ಯಾವ ಅಲ್ಗಾರಿದಮ್‌ಗಿಂತಲೂ ಇದು ಖಚಿತ.

ಆಮೇಲೆ ಬೆಳಗಿನ ಗ್ರಾಫ್. ಹೊರಗೆ ತಂಪಿದ್ದ ದಿನವೂ, ಸೆಖೆ ಇದ್ದ ದಿನವೂ ಲೋಡ್ ಒಂದೇ ಸಮಯಕ್ಕೆ, ಒಂದೇ ಎತ್ತರಕ್ಕೆ ಹಾರುತ್ತಿದ್ದರೆ ಎಸಿ ಹಾಕುತ್ತಿರುವುದು ರೂಢಿಯಿಂದ, ಸೆಖೆಗಲ್ಲ. ಧಾರವಾಡದಲ್ಲಿ ಮುಂಜಾನೆ ಕಿಟಕಿ ತೆರೆದರೆ ಸಾಕಾಗುವ ದಿನಗಳು ಎಷ್ಟೋ ಇವೆ. ಅಂಥ ದಿನಗಳಲ್ಲಿ ಎಸಿ ಹಾಕುವ ಸಮಯವನ್ನು 11 ಗಂಟೆಗೆ ತಳ್ಳಿ ನೋಡಿ. ಒಳಗೆ ಕೂತವರಿಗೆ ಹಿತವಾಗಿದೆಯೇ ಅಂತ ಕೇಳಿ ಬರೆದಿಡಿ. ನಂತರ ಆ ದಿನಗಳನ್ನು ಅಷ್ಟೇ ಉಷ್ಣಾಂಶವಿದ್ದ ಹಿಂದಿನ ದಿನಗಳ ಪಕ್ಕದಲ್ಲಿಟ್ಟು ಲೆಕ್ಕ ಹಾಕಿ.