ನಲವತ್ತು ಗಜದೊಳಗಿನ ಟರ್ಕಿ

ಅಮೆರಿಕದ ಮಿಸೌರಿ ರಾಜ್ಯದಲ್ಲಿ ವಸಂತಕಾಲದ ಟರ್ಕಿ ಹಕ್ಕಿಯ ಬೇಟೆಗೆ ಹೊರಡುವವರು ರೈಫಲ್ ಒಯ್ಯುವಂತಿಲ್ಲ. ಬಿಲ್ಲಿನಂಥ ಆಯುಧಗಳನ್ನು ಬಿಟ್ಟರೆ, ಒಂದೇ ಈಡಿಗೆ ನೂರಾರು ಸಣ್ಣ ಚರೆಗಳನ್ನು ಹಾರಿಸುವ ಶಾಟ್‌ಗನ್ ಒಂದೇ ಗತಿ. ಅದರಲ್ಲೂ ನಾಲ್ಕನೇ ನಂಬರಿಗಿಂತ ದಪ್ಪನೆಯ ಚರೆ ಕೂಡದು (ನಂಬರು ಏರಿದಷ್ಟೂ ಚರೆ ಸಣ್ಣದು). ಅದೇ ಊರಿನವರು ಚಳಿಗಾಲದ ಹೊಸ್ತಿಲಲ್ಲಿ ಇನ್ನೂರು ಮೀಟರ್ ಆಚೆಗಿನ ಜಿಂಕೆಯನ್ನು ದುರ್ಬೀನು ಕೂರಿಸಿದ ರೈಫಲ್‌ನಿಂದ ಉರುಳಿಸುತ್ತಾರೆ. ಟರ್ಕಿಯ ವಿಷಯಕ್ಕೆ ಬಂದರೆ ಮಾತ್ರ ಎಲ್ಲವೂ ನಲವತ್ತು ಗಜದೊಳಗೆ, ಅಂದರೆ ಸುಮಾರು 37 ಮೀಟರಿನೊಳಗೆ ಮುಗಿಯಬೇಕು ಎಂಬುದು ಹಳಬರ ಕಟ್ಟಳೆ. ಈ ದೂರವನ್ನು ಗೊತ್ತುಮಾಡಿದ್ದು ಯಾವ ಶಾಸನಸಭೆಯೂ ಅಲ್ಲ. ಹಕ್ಕಿಯ ತಲೆಯ ಗಾತ್ರ ಮತ್ತು ಸೀಸದ ಸಾಂದ್ರತೆ. ಆ ಲೆಕ್ಕಕ್ಕೆ ಆಮೇಲೆ ಬರೋಣ. ಮೊದಲು ಹಕ್ಕಿ ಅಷ್ಟು ಹತ್ತಿರ ಬರಬೇಕಲ್ಲ!

ಕಾಡು ಟರ್ಕಿ ರಾತ್ರಿ ಕಳೆಯುವುದು ಎತ್ತರದ ಮರಗಳ ಮೇಲೆ. ಕತ್ತಲಲ್ಲಿ ಅದಕ್ಕೆ ಕಣ್ಣು ಅಷ್ಟಾಗಿ ಕಾಣದು. ಏಪ್ರಿಲ್ ಬಂತೆಂದರೆ, ಇನ್ನೂ ಬೆಳಕು ಹರಿಯುವ ಮುನ್ನ, ಗಂಡು ಕೊಂಬೆಯ ಮೇಲಿಂದಲೇ ಗಳಗಳ ಕೂಗಲು ಶುರುಮಾಡುತ್ತದೆ. ಗಾಳಿಯಿಲ್ಲದ ಬೆಳಗಿನಲ್ಲಿ ಆ ಕೂಗು ಒಂದೂವರೆ ಕಿಲೋಮೀಟರ್‌ವರೆಗೂ ಕೇಳಿಸುವುದುಂಟು. ಈ ದಿನಗಳಲ್ಲಿ ಅದು ಎಂಥ ಉದ್ರೇಕದಲ್ಲಿರುತ್ತದೆಂದರೆ ಗೂಬೆ ಕೂಗಿದರೂ, ಕಾಗೆ ಕಿರುಚಿದರೂ, ಗುಡುಗಿದರೂ ತಡೆಯಲಾರದೆ ಉತ್ತರ ಕೊಟ್ಟುಬಿಡುತ್ತದೆ. ಬೇಟೆಗಾರ ಬೆಳಗಿನ ಜಾವ ಗುಡ್ಡದ ನೆತ್ತಿಯಲ್ಲಿ ನಿಂತು ಗೂಬೆಯಂತೆ ಕೂಗುವುದು ಇದಕ್ಕಾಗಿಯೇ. ಎದುರಾಳಿಯ ವಿಳಾಸ ಪುಕ್ಕಟೆಯಾಗಿ ಸಿಗುತ್ತದೆ.

ಆದರೆ ವಿಳಾಸ ಸಿಕ್ಕಿತೆಂದು ಹೊರಟರೆ ಕೆಟ್ಟಿತು. ಟರ್ಕಿಗಳ ಪ್ರಣಯದಲ್ಲಿ ಗಂಡು ಒಂದೆಡೆ ನಿಂತು ಕೂಗುತ್ತದೆ, ಬಾಲ ಬಿಚ್ಚಿ ಮೆರೆಯುತ್ತದೆ. ಹುಡುಕಿಕೊಂಡು ಬರಬೇಕಾದದ್ದು ಹೆಣ್ಣು. ಬೇಟೆಗಾರ ಹೆಣ್ಣಿನ ದನಿಯಲ್ಲಿ ಕರೆದು, ತಾನು ಕುಳಿತಲ್ಲಿಗೆ ಗಂಡೇ ಬರಲಿ ಎನ್ನುತ್ತಾನೆ. ಲಕ್ಷಾಂತರ ವರ್ಷಗಳಿಂದ ನಡೆದುಬಂದ ರೂಢಿಯನ್ನು ತಲೆಕೆಳಗು ಮಾಡುವ ಕೋರಿಕೆ ಇದು. ಕರೆಗೆ ಉತ್ತರ ಕೊಡುತ್ತ ಅರವತ್ತು, ಎಪ್ಪತ್ತು ಗಜದವರೆಗೆ ಬಂದ ಗಂಡು ಅಲ್ಲಿಯೇ ನಿಂತು, ಗಂಟೆಗಟ್ಟಲೆ ಗರಿ ಕೆದರಿ ಅತ್ತಿಂದಿತ್ತ ಶತಪಥ ಹಾಕಿ, ಕೊನೆಗೆ ಬೇಸತ್ತು ಹೊರಟುಹೋಗುವುದಿದೆ. ಅದರ ದೃಷ್ಟಿಯಲ್ಲಿ ಅದು ಮಾಡಿದ್ದೇ ಸರಿ: ನಾನು ಇಷ್ಟು ದೂರ ಬಂದಾಯಿತು, ಉಳಿದದ್ದು ಹೆಣ್ಣಿನ ಕೆಲಸ. ಎದುರಿಗೆ ಪ್ಲಾಸ್ಟಿಕ್ಕಿನ ದೀವದ ಹಕ್ಕಿಯೊಂದನ್ನು ನೆಟ್ಟರೆ ಕೆಲವು ಗಂಡುಗಳು ಮುಂದೆ ಬರುತ್ತವೆ, ಕೆಲವು ಅನುಮಾನದಿಂದ ಹಿಂದೆ ಸರಿಯುತ್ತವೆ.

ಕರೆಯುವ ಸಾಧನಗಳು ಬಗೆಬಗೆಯವು. ಹೆಣ್ಣು ಟರ್ಕಿಯ ರೆಕ್ಕೆಮೂಳೆಗಳನ್ನೇ ಜೋಡಿಸಿ ಮಾಡಿದ ಕೊಳವಿ ಅಲ್ಲಿಯ ಮೂಲನಿವಾಸಿಗಳಿಂದ ಬಂದದ್ದು. ಮುಚ್ಚಳವನ್ನು ಪೆಟ್ಟಿಗೆಯ ಅಂಚಿಗೆ ಉಜ್ಜಿ ಸದ್ದು ಮಾಡುವ ಮರದ ಪೆಟ್ಟಿಗೆಗೆ 1897ರಲ್ಲಿ ಅರ್ಕನ್ಸಾದ ಹೆನ್ರಿ ಗಿಬ್ಸನ್ ಪೇಟೆಂಟ್ ಪಡೆದ. ಭೌತವಿಜ್ಞಾನದ ಕಣ್ಣಿಗೆ ಹೆಚ್ಚು ಸೊಗಸಾಗಿ ಕಾಣುವುದು ಸ್ಲೇಟಿನ ಕರೆ. ಅಂಗೈಯಗಲದ ದುಂಡನೆಯ ಟೊಳ್ಳು ಬಟ್ಟಲಿಗೆ ಸ್ಲೇಟಿನ ಬಿಲ್ಲೆ ಅಂಟಿಸಿರುತ್ತಾರೆ. ಎಡಗೈಯ ಬೆರಳತುದಿಗಳಲ್ಲಿ ಅದನ್ನು ಹಗುರಾಗಿ ಹಿಡಿದು, ಬಲಗೈಯಲ್ಲಿ ಪೆನ್ಸಿಲ್ ಹಿಡಿದಂತೆ ಮರದ ಕಡ್ಡಿ ಹಿಡಿದು, ತುದಿಯನ್ನು ಮೇಲೆತ್ತದೆ ಸಣ್ಣ ಸುತ್ತು ಎಳೆಯಬೇಕು. ಸ್ಥಿರ ಘರ್ಷಣೆ ಸಾಮಾನ್ಯವಾಗಿ ಚಲನೆಯ ಘರ್ಷಣೆಗಿಂತ ಹೆಚ್ಚು. ಹಾಗಾಗಿ ಕಡ್ಡಿ ಸಲೀಸಾಗಿ ಜಾರುವುದಿಲ್ಲ. ಕಚ್ಚಿಕೊಳ್ಳುತ್ತದೆ, ಒತ್ತಡ ಏರಿದಾಗ ಜಾರುತ್ತದೆ, ಮತ್ತೆ ಕಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಕಚ್ಚು-ಜಾರು ಆಟವೇ ಸ್ಲೇಟನ್ನು ನಡುಗಿಸುತ್ತದೆ, ಬಟ್ಟಲಿನ ಗಾಳಿ ಆ ಸದ್ದನ್ನು ಹಿಗ್ಗಿಸುತ್ತದೆ. ಪಿಟೀಲಿನ ಕಮಾನು ತಂತಿಯನ್ನು ಮಿಡಿಯುವುದೂ ಹೀಗೆಯೇ. ಪಿಟೀಲಿನ ಕಮಾನಿಗೆ ರಾಳ ಹಚ್ಚುವಂತೆ ಪೆಟ್ಟಿಗೆಗೆ ಸೀಮೆಸುಣ್ಣ ಹಚ್ಚುತ್ತಾರೆ, ಸ್ಲೇಟನ್ನು ಮರಳುಕಾಗದದಿಂದ ಒರಟು ಮಾಡುತ್ತಾರೆ. ಇಬ್ಬನಿ ಬಿದ್ದು ಸ್ಲೇಟು ನೆನೆಯಿತೋ, ಕಚ್ಚುವಿಕೆ ಹೋಗಿ ಕರೆ ಮೂಕವಾಗುತ್ತದೆ. ಹೆಣ್ಣಿನ ಸಾಮಾನ್ಯ ಕರೆ ಮೇಲಿನ ಸ್ವರದಲ್ಲಿ ಹುಟ್ಟಿ ಕೆಳಗಿನ ಸ್ವರಕ್ಕೆ ಒಡೆಯುತ್ತದೆ. ಪಳಗಿದ ಕೈ ಸುತ್ತಿನ ಅರ್ಧದಲ್ಲಿ ಒತ್ತಡ ಬದಲಿಸಿ ಆ ಒಡಕನ್ನೂ ತರುತ್ತದೆ.

ಕಿವಿಯನ್ನು ಮೋಸಗೊಳಿಸಬಹುದು, ಕಣ್ಣನ್ನು ಮೋಸಗೊಳಿಸುವುದು ಕಷ್ಟ. ತಲೆಯ ಎರಡು ಪಕ್ಕಗಳಲ್ಲಿರುವ ಕಣ್ಣುಗಳಿಂದ ಟರ್ಕಿಗೆ ಸುಮಾರು 270 ಡಿಗ್ರಿಯಷ್ಟು ಸುತ್ತಲ ಜಗತ್ತು ಒಟ್ಟಿಗೆ ಕಾಣುತ್ತದೆ. ಕತ್ತು ಸ್ವಲ್ಪ ತಿರುಗಿಸಿದರೆ ಬೆನ್ನ ಹಿಂದೂ ಗುಟ್ಟಿಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಟರ್ಕಿಯ ಕಣ್ಣಿನಲ್ಲಿ ನಾಲ್ಕು ಬಗೆ. ಕಾಡಿನಲ್ಲಿ ಕೊಂಬೆ ಅಲುಗುವುದು ಬೇರೆ, ಬೆರಳು ಅಲುಗುವುದು ಬೇರೆ ಎಂಬುದು ಅದಕ್ಕೆ ಥಟ್ಟನೆ ಗೊತ್ತಾಗುತ್ತದೆ. ಆದ್ದರಿಂದ ಬೇಟೆಗಾರ ಮುಖಕ್ಕೂ ಕೈಗೂ ಎಲೆಬಣ್ಣದ ಬಟ್ಟೆ ಸುತ್ತಿಕೊಂಡು, ಮರಕ್ಕೆ ಬೆನ್ನು ಕೊಟ್ಟು, ಮಂಡಿಯ ಮೇಲೆ ಕೋವಿ ಊರಿ ಕೂರುತ್ತಾನೆ. ಹಕ್ಕಿಯ ತಲೆ ಮರದ ಕಾಂಡದ ಹಿಂದೆ ಮರೆಯಾದ ಕ್ಷಣದಲ್ಲಷ್ಟೇ ನಳಿಗೆಯನ್ನು ಒಂದಿಷ್ಟು ತಿರುಗಿಸಬಹುದು.

ಹತ್ತಿರ ಬಂದ ಗಂಡಿನ ತಲೆ ನೋಡುವಂಥದ್ದು. ಗರಿಯಿಲ್ಲದ ಆ ಚರ್ಮ ನಿಮಿಷಗಳೊಳಗೆ ಕೆಂಪು, ಬಿಳಿ, ನೀಲಿಗಳ ನಡುವೆ ಬದಲಾಗುತ್ತದೆ. 1612ರಲ್ಲಿ ಗೋವಾದಿಂದ ತರಿಸಿದ ಸಾಕು ಟರ್ಕಿಯನ್ನು ಕಂಡ ಜಹಾಂಗೀರ್ ಬೆರಗಾಗಿ, ಅದರ ತಲೆ ಒಮ್ಮೆ ಹವಳದಂತೆ, ಇನ್ನೊಮ್ಮೆ ಹತ್ತಿಯಂತೆ, ಮತ್ತೊಮ್ಮೆ ಹಸಿರುನೀಲಿ ಮಣಿಯಂತೆ ಕಾಣುತ್ತದೆಂದು ತನ್ನ ದಿನಚರಿಯಲ್ಲಿ ದಾಖಲಿಸಿದ. ಆಸ್ಥಾನದ ಚಿತ್ರಕಾರ ಮನ್ಸೂರ್ ಅದರ ಚಿತ್ರ ಬರೆದ. ಚಕ್ರವರ್ತಿಯ ಕಣ್ಣು ಸುಳ್ಳು ಹೇಳಿರಲಿಲ್ಲ. ನೀಲಿ ಬರುವುದು ಯಾವ ವರ್ಣದ್ರವ್ಯದಿಂದಲೂ ಅಲ್ಲ. ಚರ್ಮದ ಕೊಲ್ಯಾಜೆನ್ ಎಳೆಗಳು ಬೆಳಕನ್ನು ಚದುರಿಸುವ ರೀತಿಯಿಂದ. ಎಳೆಗಳ ನಡುವಿನ ರಕ್ತನಾಳಗಳು ಉಬ್ಬಿದರೆ, ಕುಗ್ಗಿದರೆ ಅವುಗಳ ಅಂತರ ಬದಲಾಗಿ ಬಣ್ಣವೂ ಬದಲಾಗುತ್ತದೆ. ಇದನ್ನೇ ಅನುಕರಿಸಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು 2014ರಲ್ಲಿ ಸ್ಫೋಟಕದ ಆವಿಗೆ ಬಣ್ಣ ಬದಲಿಸುವ ಸಂವೇದಕವನ್ನು ಪ್ರಕಟಿಸಿತು.

ಬೇಟೆಗಾರನಿಗೆ ಬೇಕಾದ ಗುರಿಯೂ ಈ ತಲೆ, ಈ ಕತ್ತು. ಮೈಗೆ ಹೊಡೆಯುವುದು ಹೇಡಿತನ ಮಾತ್ರವಲ್ಲ, ದಡ್ಡತನ. ದಟ್ಟ ಗರಿ, ದಪ್ಪ ಎದೆಸ್ನಾಯು. ಚರೆ ಪ್ರಾಣಸ್ಥಾನಕ್ಕೆ ಮುಟ್ಟದೆ ಹಕ್ಕಿ ಓಡಿಯೋ ಹಾರಿಯೋ ಹೋಗಿ ಎಲ್ಲೋ ನರಳಿ ಸಾಯುತ್ತದೆ. ಮಿದುಳಿಗೋ ಕತ್ತಿನ ಮಣಿಗಳಿಗೋ ಒಂದು ಚರೆ ಹೊಕ್ಕರೂ ಅಲ್ಲಿಗೇ ಮುಗಿಯಿತು. ಗರಿ ಕೆದರಿ ಮೆರೆಯುವಾಗ ಗಂಡು ಕತ್ತನ್ನು ಮೈಯೊಳಗೆ ಎಳೆದುಕೊಂಡಿರುತ್ತದೆ. ಆಗ ಬೇಟೆಗಾರ ಒಂದು ಚಿಕ್ಕ 'ಕ್ಲಕ್' ಸದ್ದು ಮಾಡುತ್ತಾನೆ. ಹಕ್ಕಿ ಏನೆಂದು ನೋಡಲು ತಲೆಯೆತ್ತುತ್ತದೆ. ಈಡು ಬೀಳುವುದು ಆಗ.

ಮುಷ್ಟಿಗಿಂತ ಚಿಕ್ಕ ಗುರಿಗೆ ಒಂದೇ ಗುಂಡಿನ ಬದಲು ನೂರಾರು ಚರೆ ಬಿಡುವುದರಲ್ಲಿ ಅರ್ಥವಿದೆ. ಟರ್ಕಿಯ ತಲೆ ಒಂದು ಕ್ಷಣವೂ ನಿಂತಲ್ಲಿ ನಿಲ್ಲುವುದಿಲ್ಲ. ಮೇಲಾಗಿ ರೈಫಲ್ ಗುಂಡು ತಪ್ಪಿದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಚರೆ ಇನ್ನೂರು ಮುನ್ನೂರು ಮೀಟರಿಗೆ ಸುಸ್ತಾಗುತ್ತದೆ. ಹನ್ನೆರಡು ಬೋರಿನ ಕೋವಿಯ ನಳಿಗೆಯೊಳಗಿನ ವ್ಯಾಸ 18.5 ಮಿಲಿಮೀಟರ್: ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮನಾದ ಗುಂಡು ಮಾಡಿದರೆ ಒಂದೊಂದರ ವ್ಯಾಸ ಅಷ್ಟು. ನಳಿಗೆಯ ಬಾಯಿಗೆ ಬಿಗಿಸುವ 'ಚೋಕ್' ಎಂಬ ತುಸು ಕಿರಿದಾದ ಕೊಳವೆ ಚರೆಯ ಮೊತ್ತವನ್ನು ಒತ್ತಾಗಿಸಿ ಕಳಿಸುತ್ತದೆ. ಪೂರ್ಣ ಚೋಕ್ ಎಂದರೆ ನಲವತ್ತು ಗಜದಲ್ಲಿ ಮೂವತ್ತು ಇಂಚಿನ ವೃತ್ತದೊಳಗೆ ಶೇ. 70ರಷ್ಟು ಚರೆ ಬೀಳಬೇಕು. ಟರ್ಕಿಗೆಂದೇ ಮಾಡಿದ ಚೋಕ್‌ಗಳು ಇದಕ್ಕಿಂತಲೂ ಬಿಗಿ. ಇದರ ಅಡ್ಡಪರಿಣಾಮ ಹೊಸಬರಿಗೆ ಹೊಳೆಯುವುದಿಲ್ಲ: ಹತ್ತು ಗಜದಲ್ಲಿ ಚರೆಗಳ ಗೊಂಚಲು ಇನ್ನೂ ಕೆಲವೇ ಇಂಚು ಅಗಲವಿರುತ್ತದೆ. ಕಾಲ ಬುಡಕ್ಕೇ ಬಂದ ಹಕ್ಕಿ ಪೂರ್ತಿ ತಪ್ಪಿಹೋಗುವುದು ಹೀಗೆ. ಜವಾಬ್ದಾರಿಯುಳ್ಳವರು ಬೇಟೆಗೆ ಮುನ್ನ ಕಾಗದದ ಮೇಲೆ ಹೊಡೆದು, ಹತ್ತು ಇಂಚಿನ ವೃತ್ತದಲ್ಲಿ ನೂರು ಚರೆಯಾದರೂ ಬೀಳುವುದು ಎಷ್ಟು ದೂರದವರೆಗೆ ಎಂದು ಎಣಿಸಿಕೊಳ್ಳುತ್ತಾರೆ.

ಚರೆ ಎಷ್ಟು ಆಳ ಹೊಗುತ್ತದೆ? ದುಂಡನೆಯ ಚರೆಯ ತೂಕ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ, ಗಾಳಿಗೂ ಮಾಂಸಕ್ಕೂ ಎದುರಾಗುವ ಅದರ ಮುಖ ವ್ಯಾಸದ ವರ್ಗಕ್ಕೆ ತಕ್ಕಂತೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಉಳಿಯುವುದು ಸಾಂದ್ರತೆ ಗುಣಿಸು ವ್ಯಾಸ. ಈ ಅಂಕ ಏರಿದಷ್ಟೂ ಚರೆ ಆಳ ಹೊಗುತ್ತದೆ. ಐದನೇ ನಂಬರಿನ ಸೀಸದ ಚರೆಗೆ ಇದು 11 ಗುಣಿಸು 3.05 ಮಿಲಿಮೀಟರ್, ಸುಮಾರು 34. ಉಕ್ಕಿನ ಸಾಂದ್ರತೆ 7.8 ಮಾತ್ರ, ಅದೇ 34 ಬೇಕಾದರೆ ಚರೆ 4.3 ಮಿಲಿಮೀಟರ್ ದಪ್ಪವಿರಬೇಕು, ಆಗ ಒಂದು ಔನ್ಸಿಗೆ ಸಿಗುವ ಚರೆಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಈಗ ಟಂಗ್‌ಸ್ಟನ್ ಮಿಶ್ರಲೋಹ ಬಂದಿದೆ, ಸಾಂದ್ರತೆ 18. ಕೇವಲ ಎರಡು ಮಿಲಿಮೀಟರಿನ ಒಂಬತ್ತನೇ ನಂಬರಿನ ಚರೆ 36 ಅಂಕ ಪಡೆಯುತ್ತದೆ. ತೂಕದಲ್ಲಿ ಅದು ಸೀಸದ ಆ ಚರೆಯ ಅರ್ಧದಷ್ಟೂ ಇಲ್ಲ, ಹೊಗುವುದು ಮಾತ್ರ ಅಷ್ಟೇ ಆಳ. ಔನ್ಸಿಗೆ ಸೀಸದ್ದು 170 ಚರೆಯಾದರೆ ಇದು 360. ಹತ್ತೂವರೆ ಮಿಲಿಮೀಟರ್ ನಳಿಗೆಯ ಪುಟ್ಟ .410 ಕೋವಿ, ಹಿಂದೆ ಮೊಲ ಅಳಿಲುಗಳಿಗೆ ಮೀಸಲಾಗಿದ್ದದ್ದು, ಈಗ ಹನ್ನೆರಡು ಬೋರಿನ ಸೀಸದ ತೋಟಾದಷ್ಟೇ, ಸುಮಾರು ಮುನ್ನೂರು ಚರೆಗಳನ್ನು ಟರ್ಕಿಯ ಕತ್ತಿಗೆ ಕಳಿಸಬಲ್ಲದು. ಸೀಸದ ವಿಷ ಹದ್ದುಗಳ ಹೊಟ್ಟೆ ಸೇರುವುದೂ ತಪ್ಪುತ್ತದೆ. ನೀರುಹಕ್ಕಿಗಳ ಬೇಟೆಯಲ್ಲಿ ಸೀಸವನ್ನು ಅಮೆರಿಕ 1991ರಲ್ಲೇ ನಿಷೇಧಿಸಿತು. ಟರ್ಕಿಗೆ ಬಹುತೇಕ ಕಡೆ ಅದು ಇನ್ನೂ ಚಾಲ್ತಿಯಲ್ಲಿದೆ.

ನನಗೆ ಕಿರಿಕಿರಿಯೆನಿಸುವುದು ಇದರ ಇನ್ನೊಂದು ಮುಖ. ಟಂಗ್‌ಸ್ಟನ್ ಕೈಗೆ ಬಂದ ಮೇಲೆ ಅರವತ್ತು ಗಜಕ್ಕೂ ಈಡು ಹಾರಿಸುವವರಿದ್ದಾರೆ. ದೂರ ಒಂದೂವರೆ ಪಟ್ಟಾದರೆ ಚರೆ ಹರಡುವ ಜಾಗ ಎರಡೂಕಾಲು ಪಟ್ಟಾಗುತ್ತದೆ. ತಲೆಗೆ ತಾಗುವ ಚರೆಗಳು ಅರ್ಧಕ್ಕಿಂತ ಕಡಿಮೆ. ಗಾಯವಾಗಿ ತಪ್ಪಿಸಿಕೊಳ್ಳುವ ಹಕ್ಕಿಗಳು ಹೆಚ್ಚುತ್ತವೆ. ಅದಕ್ಕಿಂತ ಮಿಗಿಲಾಗಿ, ಗಂಡು ಹಟ ಹಿಡಿದು ನಿಲ್ಲುತ್ತಿದ್ದ ದೂರವೇ ಅದು. ಅಲ್ಲಿಗೇ ಹೊಡೆಯುವುದಾದರೆ ಕರೆಯುವ ವಿದ್ಯೆ ಯಾಕೆ ಬೇಕು?

ಅನುಕರಣೆ ಗೆದ್ದಷ್ಟೂ ಅಪಾಯವೂ ಹೆಚ್ಚು. ಹೆಣ್ಣಿನ ದನಿ ಕೇಳಿ ಬರುವುದು ಗಂಡು ಟರ್ಕಿಯೊಂದೇ ಅಲ್ಲ, ಇನ್ನೊಬ್ಬ ಬೇಟೆಗಾರನೂ ಹೌದು. ಕೆಂಪು, ಬಿಳಿ, ನೀಲಿಯ ಕರವಸ್ತ್ರವನ್ನೂ ಜೇಬಿನಲ್ಲಿ ಇಡಬೇಡಿ, ಭುಜಕ್ಕಿಂತ ಅಗಲವಾದ ಮರಕ್ಕೇ ಒರಗಿ, ಕೂಗಿದ ಕಡೆಗೆ ನುಸುಳಿಕೊಂಡು ಹೋಗಬೇಡಿ ಎಂದು ಅಲ್ಲಿನ ತರಬೇತಿಗಳಲ್ಲಿ ಮೊದಲಿಗೆ ಕಲಿಸುವುದು ಇದಕ್ಕಾಗಿ.

1972ರ ವನ್ಯಜೀವಿ ಕಾಯ್ದೆಯ ನಂತರ ಬೆಳೆದ ನಮ್ಮವರಿಗೆ ಇದೆಲ್ಲ ಮುಜುಗರ ತರಬಹುದು. ಆದರೆ ಟರ್ಕಿಯ ಕಥೆಯಲ್ಲಿ ಕೋವಿ ಎರಡೂ ಪಾತ್ರ ವಹಿಸಿದೆ. ಮಾರುಕಟ್ಟೆಗಾಗಿ ಕೊಂದದ್ದು, ಕಾಡು ಕಡಿದದ್ದು ಸೇರಿ 1930ರ ದಶಕದ ಹೊತ್ತಿಗೆ ಇಡೀ ದೇಶದಲ್ಲಿ ಉಳಿದದ್ದು ಹೆಚ್ಚೆಂದರೆ ಎರಡು ಲಕ್ಷ ಹಕ್ಕಿ. 1937ರ ಕಾಯ್ದೆಯೊಂದು ಕೋವಿ, ತೋಟಾಗಳ ಮೇಲಿನ ತೆರಿಗೆಯನ್ನು ನೇರವಾಗಿ ವನ್ಯಜೀವಿಗಳಿಗೆ ಮೀಸಲಿಟ್ಟಿತು. ಮೊದಲು ಫಾರ್ಮಿನಲ್ಲಿ ಬೆಳೆಸಿದ ಮರಿಗಳನ್ನು ಕಾಡಿಗೆ ಬಿಟ್ಟರು. ತಾಯಿಯಿಂದ ಭಯ ಕಲಿಯದ ಅವು ನರಿ, ಗೂಬೆಗಳ ಪಾಲಾದವು. 1951ರಲ್ಲಿ ದಕ್ಷಿಣ ಕೆರೊಲಿನಾದ ಫ್ರಾನ್ಸಿಸ್ ಮೇರಿಯನ್ ಅರಣ್ಯದಲ್ಲಿ ಪುಟ್ಟ ಫಿರಂಗಿಗಳಿಂದ ಬಲೆ ಹಾರಿಸಿ ಕಾಡುಹಕ್ಕಿಗಳನ್ನೇ ಹಿಡಿದು ಬೇರೆಡೆ ಬಿಡುವ ಉಪಾಯ ಫಲಿಸಿತು. ಮಿಸೌರಿಯ ಟರ್ಕಿಗಳು ಕೆಂಟಕಿಗೆ ಹೋದವು, ವಿನಿಮಯವಾಗಿ ನೀರುನಾಯಿಗಳು ಮಿಸೌರಿಗೆ ಬಂದವು. 1960ರಲ್ಲಿ ಮಿಸೌರಿ ಬೇಟೆಯನ್ನು ಮತ್ತೆ ತೆರೆದಾಗ ಮೊದಲ ಋತುವಿನಲ್ಲಿ ಸಿಕ್ಕಿದ್ದು 94 ಹಕ್ಕಿ. 2004ರ ವಸಂತದಲ್ಲಿ ಸುಮಾರು 60 ಸಾವಿರ.

ಆ ಏರಿಕೆ ಈಗ ನಿಂತಿದೆ. ಆಗ್ನೇಯ ರಾಜ್ಯಗಳಲ್ಲಿ ಸಂಖ್ಯೆ ಇಳಿಯುತ್ತಿದೆ, ಕಾರಣಗಳು ಹಲವು. ಒಂದು ಗಂಡು ಅನೇಕ ಹೆಣ್ಣುಗಳಿಗೆ ಸಾಕು, ಹಾಗಾಗಿ ವಸಂತದಲ್ಲಿ ಗಂಡುಗಳನ್ನು ಕೊಂದರೆ ನಷ್ಟವಿಲ್ಲ ಎಂಬುದು ಹಳೆಯ ಲೆಕ್ಕ. ಅದು ಅಷ್ಟು ಸರಳವಲ್ಲವೇನೋ. ಜೀವವಿಜ್ಞಾನಿ ಅಲನ್ ಕ್ರಾಕವರ್ 2005ರಲ್ಲಿ ಕ್ಯಾಲಿಫೋರ್ನಿಯಾದ ಹಕ್ಕಿಗಳ ವಂಶವಾಹಿ ಪರೀಕ್ಷಿಸಿ, ಅಣ್ಣತಮ್ಮಂದಿರು ಜೊತೆಯಾಗಿ ಮೆರೆದು ಹೆಣ್ಣನ್ನು ಒಲಿಸುತ್ತಾರೆ, ಮರಿಗಳಿಗೆ ತಂದೆಯಾಗುವುದು ಯಜಮಾನನೊಬ್ಬನೇ ಎಂದು ತೋರಿಸಿದ. ಜೋರಾಗಿ ಕೂಗುವ ಆ ಯಜಮಾನನೇ ಋತುವಿನ ಮೊದಲ ವಾರದಲ್ಲಿ ಈಡಿಗೆ ಬಿದ್ದರೆ ಶ್ರೇಣಿ ಕಲಸಿಹೋಗಿ, ಗೂಡು ಕಟ್ಟುವುದೇ ತಡವಾಗಬಹುದೆಂಬ ವಾದವಿದೆ. ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕಲ್ ಚೇಂಬರ್ಲೇನ್ ಅವರ ತಂಡ ಕಾಡಿನಲ್ಲಿ ಧ್ವನಿಮುದ್ರಕಗಳನ್ನಿಟ್ಟು, ಬೇಟೆ ಶುರುವಾದೊಡನೆ ಗಂಡುಗಳ ಕೂಗು ಇಳಿಯುವುದನ್ನು ಗುರುತಿಸಿತು. 2022ರಲ್ಲಿ ಜಾರ್ಜಿಯಾ ಬೇಟೆಯ ಆರಂಭವನ್ನು ಮುಂದಕ್ಕೆ ಹಾಕಿ, ಒಬ್ಬರಿಗೆ ಋತುವಿಗೆ ಮೂರರ ಬದಲು ಎರಡೇ ಹಕ್ಕಿ ಎಂದಿತು. ಬೇಟೆಗಾರರು ಗೊಣಗಿದರು. ಹಾಗೆ ನೋಡಿದರೆ ತಡವಾದದ್ದರಿಂದ ಅವರಿಗೇ ಲಾಭ: ಅಷ್ಟು ಹೊತ್ತಿಗೆ ಹೆಣ್ಣುಗಳು ಒಂದೊಂದಾಗಿ ಕಾವಿಗೆ ಕುಳಿತು, ಜೊತೆಯಿಲ್ಲದ ಗಂಡು ಮತ್ತೆ ಹೆಚ್ಚು ಕೂಗತೊಡಗುತ್ತದೆ, ಸ್ಲೇಟಿನ ಸದ್ದಿಗೂ ಹಟ ಬಿಟ್ಟು ನಲವತ್ತು ಗಜದೊಳಗೆ ಬರುತ್ತದೆ.