ಪದ ಪರಿಚಯ: ಅನುದಾನ

ಮಹಿಳಾ ಹಕ್ಕುಗಳ ಸಂಘಟನೆಗಳಿಗೆ ಹಣ ಒದಗಿಸುವ ಸಮಾರಂಭಗಳ ಆಮಂತ್ರಣ ಪತ್ರಿಕೆಗಳಲ್ಲಿ 'ದಾನಿಗಳಿಂದ ಅನುದಾನ ವಿತರಣೆ' ಎಂಬ ಒಕ್ಕಣೆ ಬೆಂಗಳೂರಿನಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಅದರ ಕೆಳಗೇ ಹೊಲಿಗೆ ಯಂತ್ರ ವಿತರಣೆ, ಸೀರೆ ವಿತರಣೆ, ಗಣ್ಯರಿಗೆ ಸನ್ಮಾನ ಎಂದು ಅಚ್ಚಾಗಿದ್ದರೂ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಮರುದಿನದ ವರದಿಯಲ್ಲಿ ಹಣ ಪಡೆದ ಸಂಘಟನೆಯು 'ಫಲಾನುಭವಿ'ಯೂ ಆಗಿಬಿಡುತ್ತದೆ. ಬಜೆಟ್ಟಿನ ಅನುದಾನ, ಶಾಸಕರ ಅನುದಾನ, ಅನುದಾನಿತ ಶಾಲೆ ಎಂದರೇನೆಂದು ಕನ್ನಡದ ಓದುಗರಿಗೆ ಹೇಳಿಕೊಡುವ ಅಗತ್ಯವಿಲ್ಲ. ದಾನವನ್ನೂ ಅನುದಾನವನ್ನೂ ಒಂದೇ ಎಂದು ಬಗೆದಾಗ ಏನು ಕೆಡುತ್ತದೆ ಎಂಬುದನ್ನು ಮಾತ್ರ ಬಿಡಿಸಿ ಹೇಳಬೇಕಾಗಿದೆ.

ದಾನವೆಂದರೇನು ಎಂಬುದನ್ನು ನಮ್ಮ ಧರ್ಮಶಾಸ್ತ್ರಕಾರರು ಬಹಳ ಹಿಂದೆಯೇ ಸ್ಪಷ್ಟಪಡಿಸಿದ್ದಾರೆ: ಕೊಡುವವನು ವಸ್ತುವಿನ ಮೇಲಿನ ತನ್ನ ಸ್ವತ್ವವನ್ನು, ಅಂದರೆ ಒಡೆತನವನ್ನು, ಬಿಟ್ಟುಕೊಟ್ಟು, ಪಡೆಯುವವನ ಸ್ವತ್ವವನ್ನು ಉಂಟುಮಾಡುವುದೇ ದಾನ. ಧಾರೆಯೆರೆದ ನೀರು ಕೈಯಿಂದ ಜಾರಿದ ಮೇಲೆ ದಾನಿಗೆ ಅದರ ಮೇಲೆ ಮಾತಿಲ್ಲ. ಕನ್ನಡನಾಡಿನ ಶಾಸನಗಳಲ್ಲಿ ಬಿಟ್ಟ ದತ್ತಿಗಳ ಕೊನೆಯಲ್ಲಿ ಬರುವ ಶಾಪಾಶಯ ಇದನ್ನೇ ಗಟ್ಟಿ ದನಿಯಲ್ಲಿ ಹೇಳುತ್ತದೆ. ತಾನು ಕೊಟ್ಟ ಭೂಮಿಯನ್ನಾಗಲಿ ಇತರರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನು 60 ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ 'ಸ್ವದತ್ತಾಂ ಪರದತ್ತಾಂ ವಾ' ಶ್ಲೋಕವನ್ನು ಊರೂರಿನ ಕಲ್ಲುಗಳ ಮೇಲೆ ಇಂದಿಗೂ ಓದಬಹುದು. ಅದೇ ಶಾಪವನ್ನು ಇಂದಿನ ಅನುದಾನದ ಒಪ್ಪಂದಗಳಿಗೆ ಅನ್ವಯಿಸಿದರೆ ಹಲವು ಪ್ರತಿಷ್ಠಾನಗಳ ಹಣಕಾಸು ವಿಭಾಗಗಳೇ ಬರಿದಾದಾವು.

ಅನುದಾನದಲ್ಲಿರುವ 'ಅನು' ಎಂಬ ಉಪಸರ್ಗಕ್ಕೂ ಸಣ್ಣದೆಂಬ ಅರ್ಥದ 'ಅಣು'ವಿಗೂ ಸಂಬಂಧವಿಲ್ಲ. ಅನುದಾನವೆಂದರೆ ಕಿರುದಾನ ಎನ್ನುವವರು ಣಕಾರ ನಕಾರಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಅನುಚರ, ಅನುಗಮನ, ಅನುಸರಣೆಗಳಲ್ಲಿರುವ, ಹಿಂದೆ ಬರುವ, ಜೊತೆಯಲ್ಲಿ ಸಾಗುವ ಅರ್ಥದ 'ಅನು'ವೇ ಇದು. ಇಂದಿನ ಅರ್ಥದ ಅನುದಾನವಂತೂ ಆಧುನಿಕ ಆಡಳಿತದ ಪದ. ಖಾಸಗಿಯವರು ನಡೆಸುವ ಶಾಲೆಗಳಿಗೆ ಸರ್ಕಾರವು ಷರತ್ತು, ತಪಾಸಣೆಗಳೊಡನೆ ನೆರವು ಕೊಡುವ ಕ್ರಮವನ್ನು 1854ರ ವುಡ್‌ ಶಿಕ್ಷಣ ವರದಿಯು ಭಾರತದಲ್ಲಿ ನೆಲೆಗೊಳಿಸಿತು, ನಮ್ಮ ಅನುದಾನಿತ ಶಾಲೆಗಳು ಆ ಪರಂಪರೆಯವು. ಸಂವಿಧಾನದ 203ನೆಯ ವಿಧಿಯಂತೆ ಸರ್ಕಾರವೇ ವಿಧಾನಸಭೆಯ ಮುಂದೆ ಅನುದಾನದ ಬೇಡಿಕೆಗಳನ್ನು ಇಡುತ್ತದೆ. ಹಾಗೆಂದು ವಿಧಾನಸಭೆಯನ್ನು ದಾನಿ ಎಂದೂ ಲೋಕೋಪಯೋಗಿ ಇಲಾಖೆಯನ್ನು ದಾನ ಪಡೆದ ಬಡವ ಎಂದೂ ಯಾವ ಪತ್ರಿಕೆಯೂ ಬರೆದಿಲ್ಲ. ಮಹಿಳಾ ಸಂಘಟನೆಯ ವಿಷಯಕ್ಕೆ ಬಂದಾಗ ಮಾತ್ರ ಆ ಭಾಷೆ ತಾನಾಗಿ ಬಂದುಬಿಡುತ್ತದೆ.

ಅನುದಾನದಲ್ಲಿ ಕೆಲಸವು ಹಣ ಕೊಟ್ಟವನದಲ್ಲ, ಪಡೆದವರದು. ಆ ಕೆಲಸ ನಡೆಯಲೆಂದು ಲಿಖಿತ ಒಪ್ಪಂದದ ಮೇಲೆ, ಸಾಮಾನ್ಯವಾಗಿ ಕಂತುಗಳಲ್ಲಿ ಒದಗಿಸಿ, ಲೆಕ್ಕ ಕೇಳುವ, ಮರಳಿ ತೀರಿಸಬೇಕಾಗಿಲ್ಲದ ಹಣ ಅನುದಾನ. ಲೆಕ್ಕ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾವುದಕ್ಕೆ ಎಷ್ಟು ಖರ್ಚಾಗಬೇಕೆಂಬುದನ್ನು ಮೊದಲೇ ಕಟ್ಟಿಹಾಕುವ ಪ್ರಾಜೆಕ್ಟ್ ಗ್ರಾಂಟಿನಲ್ಲಿ ಕೊಟ್ಟವರ ಸ್ವತ್ವವು ಕೊನೆಯ ರೂಪಾಯಿಯವರೆಗೂ ಉಳಿದಿರುತ್ತದೆ, ಉಳಿಕೆ ಹಣವು ಅವರಿಗೇ ಮರಳುವುದೂ ಉಂಟು. ಹೀಗಾಗಿ ಅದನ್ನು ದಾನವೆಂದು ಕರೆಯುವುದು ಪಡೆದವರಿಗೆ ಅವಮಾನ, ಕೊಟ್ಟವರಿಗೆ ಅರ್ಹತೆ ಮೀರಿದ ಪ್ರಶಂಸೆ. ಬಾಡಿಗೆ, ಸಂಬಳ, ವಕೀಲರ ಶುಲ್ಕ ಎಂದು ಭೇದವೆಣಿಸದೆ ಸಂಘಟನೆಯ ವಿವೇಚನೆಗೇ ಬಿಡುವ ಕೋರ್ ಗ್ರಾಂಟ್ ಮಾತ್ರ ಶಾಸ್ತ್ರದ ದಾನಕ್ಕೆ ಅಷ್ಟಿಷ್ಟು ಹತ್ತಿರವಾದೀತು.

ಈ ವ್ಯತ್ಯಾಸ ಎದ್ದು ಕಾಣುವುದು ಬಜೆಟ್ ಹಾಳೆಯ ಮೇಲೆ. ಗಂಡನಿಂದ ಪೆಟ್ಟು ತಿಂದ ಹೆಂಗಸನ್ನು ರಾತ್ರಿ ಹನ್ನೊಂದರ ಹೊತ್ತಿಗೆ ಠಾಣೆಗೂ ಅಲ್ಲಿಂದ ಸರ್ಕಾರಿ ಆಸ್ಪತ್ರೆಗೂ ಕರೆದೊಯ್ದ ಕಾರ್ಯಕರ್ತೆಯ ಆಟೋ ಬಾಡಿಗೆ 'ಪ್ರಯಾಣ ವೆಚ್ಚ'ದ ಸಾಲಿಗೆ ಬರುತ್ತದೆ. ಆ ಸಾಲಿಗೆ ಬಿಲ್ ಬೇಕು. ರಾತ್ರಿ ಮೀಟರಿಗಿಂತ ಹೆಚ್ಚು ಕೇಳಿದ ಆಟೋದವರು ಬಿಲ್ ಕೊಡುವುದುಂಟೇ? ಕೊನೆಗೆ ಬಿಳಿ ಹಾಳೆಯ ವೋಚರಿನ ಮೇಲೆ ಅವಳ ಸಹಿ ಬೀಳುತ್ತದೆ, ಆಡಿಟಿನಲ್ಲಿ ಅದೇ ವೋಚರಿಗೆ ಆಕ್ಷೇಪಣೆ ಬರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರ ಬಸ್ ಖರ್ಚು ಇಳಿದಿರುವುದು ನಿಜ. ಆದರೆ ಹನ್ನೊಂದರ ರಾತ್ರಿಗೆ ಬಿಎಂಟಿಸಿಯನ್ನು ನಂಬಿ ಕೂರಲಾಗದು. ಅನುದಾನ ನೀಡುವ ಉದ್ಯೋಗದಲ್ಲಿರುವವರು ಪ್ರಪೋಸಲ್ ಓದುವಾಗ ಇಂಥ ಸಾಲುಗಳಿಗೆ ಸಡಿಲ ಬಿಡಬಲ್ಲರೇ ಎಂಬುದನ್ನು ನೋಡಿದರೆ ಅವರಿಗೆ ಈ ಕೆಲಸ ಎಷ್ಟು ಅರ್ಥವಾಗಿದೆಯೆಂದು ತಿಳಿಯುತ್ತದೆ.

'ಫಲಾನುಭವಿ' ಇನ್ನೂ ಅಪಾಯದ ಪದ. 1979ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಮೋಚನಾ ಎಂಬ ಮಹಿಳಾ ಸಂಘಟನೆಯು, ಆಕಸ್ಮಿಕವೆಂದು, ಸ್ಟೌ ಸಿಡಿದುದೆಂದು ದಾಖಲಾಗುತ್ತಿದ್ದ ಹೆಂಗಸರ ಸಾವುಗಳನ್ನು ಪ್ರಶ್ನಿಸಿತು. ಅಂಥ ಕೆಲಸದ ಫಲವನ್ನು ಯಾರು ಅನುಭವಿಸಿದರೆಂದು ಎಣಿಸಿ ತ್ರೈಮಾಸಿಕ ವರದಿಯ ಕೋಷ್ಟಕದಲ್ಲಿ ತುಂಬುವುದು ಹೇಗೆ?

ಚಳವಳಿಗೆ ಅನುದಾನ ಎಂಬ ಮಾತಿನಲ್ಲೇ ಒಂದು ತೊಡಕಿದೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ಹಿಂಪಡೆಯುವಂತಿಲ್ಲ ಎಂಬ ಕೇಂದ್ರದ ಆದೇಶದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಂಗಸರು, ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ಯಾವ ಒಂದು ಸಂಘವೂ ಅವರನ್ನು ಕರೆದಿರಲಿಲ್ಲ; ಎರಡನೆಯ ದಿನವೇ ಕೇಂದ್ರವು ಆದೇಶವನ್ನು ಹಿಂತೆಗೆದುಕೊಂಡಿತು. ಆ ಜನಸ್ತೋಮಕ್ಕೆ ಪ್ಯಾನ್ ಸಂಖ್ಯೆ, ಬ್ಯಾಂಕ್ ಖಾತೆ, ಮೂರು ವರ್ಷದ ಆಡಿಟ್ ವರದಿ ಯಾವುದೂ ಇರಲಿಲ್ಲ. ಅನುದಾನವು ತಲುಪುವುದು ನೋಂದಾಯಿತ ಸಂಸ್ಥೆಗೆ, ಚಳವಳಿಯಾದರೋ ಸಂಸ್ಥೆಗಿಂತ ದೊಡ್ಡದು. ಆದ್ದರಿಂದ 'ಚಳವಳಿಗೆ ಅನುದಾನ ನೀಡಿದೆವು' ಎಂಬ ವಾಕ್ಯವನ್ನು 'ಚಳವಳಿಯೊಳಗಿನ ಇಂಥ ಸಂಸ್ಥೆಗೆ ನೀಡಿದೆವು' ಎಂದೇ ತಿದ್ದಿ ಬರೆಯಬೇಕು.

ಈ ಅಂತರವನ್ನು ತುಂಬಲೆಂದೇ ಮಹಿಳಾ ನಿಧಿಗಳು ಹುಟ್ಟಿದವು. 1983ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾಮಾ ಕ್ಯಾಶ್, 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ಲೋಬಲ್ ಫಂಡ್ ಫಾರ್ ವಿಮೆನ್ ಆರಂಭವಾದವು. ದೊಡ್ಡ ಮೊತ್ತವನ್ನು ಒಂದೆಡೆ ಕೂಡಿಸಿ ಸಣ್ಣ ಸಂಘಗಳಿಗೆ ಹಂಚುವುದು ಇಂಥ ನಿಧಿಗಳ ಮುಖ್ಯ ಕಸುಬು. ಭಾರತದಲ್ಲಿ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯು ಆ ಹಂಚಿಕೆಯನ್ನೇ ನಿಲ್ಲಿಸಿತು: ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಹೀಗಾಗಿ ಬೆಂಗಳೂರಿನ ಸಂಸ್ಥೆಯೊಂದು ವಿದೇಶದಿಂದ ಅನುದಾನ ತಂದು ಕಲಬುರಗಿಯ ಸಂಘಕ್ಕೆ 'ಮರು ಅನುದಾನ' ಕೊಟ್ಟಿತು ಎಂದು ಇಂದು ಬರೆಯುವವರು ತಮಗರಿವಿಲ್ಲದೆ ಆ ಸಂಸ್ಥೆಯ ಮೇಲೆ ಕಾನೂನುಭಂಗದ ಆರೋಪ ಹೊರಿಸುತ್ತಿದ್ದಾರೆ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ್ದು ಬೇರೆಯದೇ ಕಥೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಲೇಬೇಕು. ಕಾನೂನಿನ ಬದ್ಧತೆಯನ್ನು ಔದಾರ್ಯವೆಂದು ವರದಿ ಮಾಡುವುದು ಸಲ್ಲದು. ಲಿಂಗಸಮಾನತೆ ಆ ಕಾಯ್ದೆಯ ಪಟ್ಟಿಯಲ್ಲಿ ಇದ್ದೇ ಇದೆ, ಆದರೂ ಹಾಸ್ಟೆಲು, ಹೊಲಿಗೆ ತರಬೇತಿಗಳಿಗೆ ದೊರೆಯುವ ಹಣ ವೇತನ ಕೇಳುವ ಸಂಘಕ್ಕೆ ದೊರೆಯುವುದು ಅಪರೂಪ.

ದಾನ, ಅನುದಾನಗಳೆರಡರಿಂದಲೂ ಬೇರೆಯಾದ 'ವಂತಿಗೆ' ಎಂಬ ಹಳೆಯ ಪದವನ್ನು ಇಲ್ಲಿ ನೆನೆಯಬೇಕು. ಸದಸ್ಯರು ತಮ್ಮ ಕೆಲಸಕ್ಕೆ ತಾವೇ ಹಾಕಿಕೊಳ್ಳುವ ಪಾಲು ಅದು. ಮನೆಗೆಲಸದವರ ಸಂಘದಂಥ ಅಸಂಘಟಿತ ವಲಯದ ಕಾರ್ಮಿಕ ಸಂಘಗಳಲ್ಲಿ ಸದಸ್ಯರ ವಾರ್ಷಿಕ ವಂತಿಗೆ 3 ರೂಪಾಯಿಗಿಂತ ಕಡಿಮೆ ಇರಬಾರದೆಂದು 1926ರ ಕಾರ್ಮಿಕ ಸಂಘಗಳ ಕಾಯ್ದೆಯ 2001ರ ತಿದ್ದುಪಡಿ ಹೇಳಿತು. ಆ ಮೊತ್ತದಲ್ಲಿ ಕಚೇರಿಯ ವಿದ್ಯುತ್ ಬಿಲ್ಲೂ ಕಟ್ಟಲಾಗದು. ಆದರೂ ಸಂಘವೊಂದಕ್ಕೆ ಅನುದಾನ ಮಂಜೂರು ಮಾಡುವ ಮುನ್ನ ಅನುಭವಿಗಳು ಮೊದಲು ತೆರೆದು ನೋಡುವುದು ವಂತಿಗೆಯ ರಸೀದಿ ಪುಸ್ತಕವನ್ನೇ.