ಸೀಟಿ ಪೆಟ್ಟಿಗೆಯ ಜಗಳ

1873ರ ನವೆಂಬರ್. ಅಮೆರಿಕದ ಸುವಾರ್ತೆ ಪ್ರಚಾರಕ ಡಿ. ಎಲ್. ಮೂಡಿ ಎಡಿನ್‌ಬರೋಗೆ ಬಂದರು. ಜೊತೆಗೆ ಹಾಡುಗಾರ ಐರಾ ಸ್ಯಾಂಕಿ. ಸ್ಯಾಂಕಿ ಹತ್ತಿರ ಒಂದು ಪುಟ್ಟ ಆರ್ಗನ್ ಇತ್ತು, ನಮ್ಮ ಹಾರ್ಮೋನಿಯಂ ಕುಲದ್ದೇ. ಊರಿನ ಎಷ್ಟೋ ಭಕ್ತರಿಗೆ ಮೂಡಿ ಏನು ಬೋಧಿಸುತ್ತಾರೆ ಎನ್ನುವುದಕ್ಕಿಂತ ಈ ವಾದ್ಯದ್ದೇ ಚಿಂತೆ. ಆರ್ಗನ್ನಿಗೆ ಸ್ಕಾಟ್ಲೆಂಡಿನವರು ಇಟ್ಟಿದ್ದ ಅಡ್ಡಹೆಸರೇ ‘ಸೀಟಿ ಪೆಟ್ಟಿಗೆ’. ಅಲ್ಲಿನ ಚರ್ಚ್ ಸಭೆಗಳಲ್ಲಿ ಬಹುಕಾಲ ನಡೆದುಬಂದದ್ದು ಬೈಬಲಿನ 150 ಕೀರ್ತನೆಗಳು ಮಾತ್ರ. ಒಬ್ಬರು ಎತ್ತಿಕೊಡುತ್ತಿದ್ದರು, ಉಳಿದವರು ಬರೀ ಬಾಯಲ್ಲಿ ಹಾಡುತ್ತಿದ್ದರು.

ಇದು ಸುಮ್ನೆ ಹಠ ಅಂದುಕೊಳ್ಳಬೇಡಿ. ಇದರ ಬೇರು 16ನೇ ಶತಮಾನದಲ್ಲಿದೆ. ರೋಮ್‌ನ ಕ್ಯಾಥೊಲಿಕ್ ಚರ್ಚ್‌ನಿಂದ ಬೇರೆಯಾದ ಪ್ರೊಟೆಸ್ಟೆಂಟರು ಹಾಡಿನ ವಿಷಯದಲ್ಲಿ ಶುರುವಿನಿಂದಲೇ ಒಮ್ಮತಕ್ಕೆ ಬರಲಿಲ್ಲ. ಅವರ ಮೊದಲ ಮುಂದಾಳು, ಜರ್ಮನಿಯ ಲೂಥರ್‌ಗೆ ಸಂಗೀತ ಅಂದರೆ ಪ್ರಾಣ. ಜನ ತಮ್ಮ ಭಾಷೆಯಲ್ಲಿ ತಾವೇ ಹಾಡಲಿ ಎಂದರು. 1524ರಲ್ಲಿ ಎಂಟು ಹಾಡುಗಳ ಪುಟ್ಟ ಪುಸ್ತಕ ಅಚ್ಚಾಯಿತು. ಜ್ಯೂರಿಕ್‌ನ ಜ್ವಿಂಗ್ಲಿಗೆ ಹಲವು ವಾದ್ಯ ನುಡಿಸಲು ಬರುತ್ತಿತ್ತು. ಆದರೂ ಆರಾಧನೆಯಿಂದ ಸಂಗೀತವನ್ನೇ ಹೊರಗಿಟ್ಟರು. ಜಿನೀವಾದ ಕ್ಯಾಲ್ವಿನ್ ನಡುವಿನ ದಾರಿ ಹಿಡಿದರು. ಹಾಡಿ, ಆದರೆ ದೇವರ ವಾಕ್ಯದಲ್ಲಿರುವ ಕೀರ್ತನೆಗಳನ್ನು ಹಾಡಿ, ವಾದ್ಯ ಬೇಡ. ವಾದ್ಯಗಳ ಕಾಲ ಯೆರೂಸಲೇಮಿನ ದೇವಾಲಯದ ಜೊತೆಗೇ ಮುಗಿಯಿತು ಎಂಬುದು ಅವರ ಲೆಕ್ಕ. ತಮಾಷೆ ಅಂದರೆ, ತುತೂರಿ, ದಮ್ಮಡಿ, ತಂತಿವಾದ್ಯ, ಕೊಳಲು, ತಾಳ ಎಲ್ಲ ತನ್ನಿ ಅನ್ನುವ 150ನೇ ಕೀರ್ತನೆಯನ್ನೂ ಕ್ಯಾಲ್ವಿನ್ ದಾರಿಯವರು ವಾದ್ಯವಿಲ್ಲದೆಯೇ ಹಾಡುತ್ತಿದ್ದರು. ಸ್ಕಾಟ್ಲೆಂಡಿನವರು ಹಿಡಿದದ್ದೂ ಇದೇ ದಾರಿ.

1707ರಲ್ಲಿ ಇಂಗ್ಲೆಂಡಿನ ಐಸಾಕ್ ವಾಟ್ಸ್ ತಾವೇ ಬರೆದ ಹಾಡುಗಳ ಪುಸ್ತಕ ತಂದರು. ಮನುಷ್ಯ ಕಟ್ಟಿದ ಪದಗಳನ್ನು ದೇವರ ಮುಂದೆ ಹಾಡಬಹುದೇ ಎಂಬ ತಕರಾರು ಎದ್ದಿತು. ಇವತ್ತು ‘ಹಳೇ ಒಳ್ಳೇ ಹಾಡು’ ಅಂದರೆ ಎಷ್ಟೋ ಸಭೆಗಳಿಗೆ ಮೊದಲು ನೆನಪಾಗುವುದು ಇದೇ ವಾಟ್ಸ್.

ಸ್ಯಾಂಕಿ ಪೆಟ್ಟಿಗೆಯೂ ಗೆದ್ದಿತು. ಅದೇ ಕುಲದ ವಾದ್ಯ ಮಿಷನರಿಗಳ ಜೊತೆ ಇಂಡಿಯಾಕ್ಕೂ ಬಂತು. ಕೋಲ್ಕತ್ತಾದ ದ್ವಾರಕಾನಾಥ ಘೋಷ್ 1870ರ ದಶಕದಲ್ಲಿ ಅದನ್ನು ನೆಲದ ಮೇಲೆ ಕೂತು, ಕೈಯಲ್ಲಿ ತಿದಿ ಒತ್ತಿ ನುಡಿಸುವಂತೆ ಬದಲಿಸಿದರು. ಈಗ ಅದಿಲ್ಲದೆ ನಮ್ಮ ಊರಿನ ಭಜನೆ ನಡೆಯಲ್ಲ. ಆಕಾಶವಾಣಿ ಮಾತ್ರ 1940ರಿಂದ ಮೂವತ್ತು ವರ್ಷ ಅದನ್ನು ಹೊರಗಿಟ್ಟಿತ್ತು. ವಿದೇಶಿ ವಾದ್ಯ, ಗಮಕ ಬರಲ್ಲ ಎಂಬ ಕಾರಣಕ್ಕೆ. ಸ್ಕಾಟ್ಲೆಂಡಿನಲ್ಲಿ ಬೈಸಿಕೊಂಡ ಪೆಟ್ಟಿಗೆ ದೆಹಲಿಯಲ್ಲೂ ಬೈಸಿಕೊಂಡಿತು ಅನ್ನಿ.

ಸ್ಯಾಂಕಿ ಕಾಲದಲ್ಲೇ ಇಂಗ್ಲೆಂಡಿನ ವಿಲಿಯಂ ಬೂತ್ ಅವರ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆ ಇನ್ನೂ ಮುಂದೆ ಹೋಯಿತು. 1878ರಲ್ಲಿ ಸಾಲ್ಸ್‌ಬರಿಯಲ್ಲಿ ಒಂದು ಕುಟುಂಬದ ಅಪ್ಪ–ಮಕ್ಕಳು ಬೀದಿಯಲ್ಲಿ ಹಿತ್ತಾಳೆ ವಾದ್ಯ ಊದಿದರು. ಅಲ್ಲಿಂದ ಅದರ ಬ್ಯಾಂಡ್‌ಗಳು ಶುರುವಾದವು. ಹೆಂಡದಂಗಡಿಯ ಮಟ್ಟುಗಳಿಗೆ ಭಕ್ತಿಯ ಪದ ಕೂಡಿಸಿದರು. 1882ರಲ್ಲಿ ಈ ಸಂಸ್ಥೆಯ ಫ್ರೆಡ್ರಿಕ್ ಟಕ್ಕರ್ ಮುಂಬೈಗೆ ಬಂದರು. ಕಾವಿ ತೊಟ್ಟು ಫಕೀರ್ ಸಿಂಗ್ ಎಂದು ಹೆಸರಿಟ್ಟುಕೊಂಡರು. ಬೀದಿಯಲ್ಲಿ ವಾದ್ಯ ನುಡಿಸಿ ಮೆರವಣಿಗೆ ಮಾಡಿದ್ದಕ್ಕೆ ಅವರನ್ನು ಹಿಡಿದು ಒಳಗೆ ಹಾಕಿದ್ದು ಬ್ರಿಟಿಷರ ಪೊಲೀಸರೇ.

ಈಗಿನ ಗಿಟಾರ್–ಡ್ರಮ್ಸ್ ಆರಾಧನೆಯ ಕಥೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ. ಅಲ್ಲಿನ ಕ್ಯಾಲ್ವರಿ ಚಾಪೆಲ್‌ಗೆ 1965ರಲ್ಲಿ ಚಕ್ ಸ್ಮಿತ್ ಸಭಾಪಾಲಕರಾಗಿ ಬಂದರು. ಅದೊಂದು ಸಣ್ಣ ಸಭೆ. ಕೆಲವೇ ವರ್ಷದಲ್ಲಿ ಹಿಪ್ಪಿ ಹುಡುಗ–ಹುಡುಗಿಯರು ಬರತೊಡಗಿದರು. ಉದ್ದ ಕೂದಲು, ಬರಿಗಾಲು. ಹೊಸ ಕಾರ್ಪೆಟ್ ಹಾಳಾಗುತ್ತದೆ ಎಂದು ಯಾರೋ ‘ಬರಿಗಾಲಲ್ಲಿ ಬರಬೇಡಿ’ ಎಂಬ ಬೋರ್ಡ್ ಹಾಕಿದ್ದರು. ಸ್ಮಿತ್ ಅದನ್ನು ಕಿತ್ತುಹಾಕಿದರು. ಕಾರ್ಪೆಟ್ಟೇ ತೊಂದರೆ ಅನ್ನುವುದಾದರೆ ಅದನ್ನೂ ತೆಗೆದುಬಿಡೋಣ ಎಂದರು ಅನ್ನುತ್ತಾರೆ. ಆ ಹುಡುಗರು ಗಿಟಾರ್ ಹಿಡಿದು ತಾವೇ ಕಟ್ಟಿದ ಹಾಡುಗಳನ್ನು ತಂದರು. 1971ರಲ್ಲಿ ಅದೇ ಸಭೆಯಿಂದ ಮಾರನಾಥಾ ಮ್ಯೂಸಿಕ್ ಎಂಬ ರೆಕಾರ್ಡ್ ಸಂಸ್ಥೆ ಹುಟ್ಟಿತು. ಮರುವರ್ಷ ಡಾಲಸ್‌ನ ‘ಎಕ್ಸ್‌ಪ್ಲೋ 72’ ಸಮಾವೇಶಕ್ಕೆ ಸುಮಾರು 80,000 ಯುವಜನ ಬಂದರು. ಬೋಧನೆಗೆ ಬಿಲ್ಲಿ ಗ್ರಹಾಂ, ಹಾಡಿಗೆ ಜಾನಿ ಕ್ಯಾಶ್.

ವಿರೋಧವೂ ಜೋರಾಗಿತ್ತು. ಡ್ರಮ್ಸ್‌ನ ಬಡಿತದಲ್ಲೇ ಸೈತಾನನಿದ್ದಾನೆ, ಅದು ಆಫ್ರಿಕಾದ ಕಾಡಿನ ತಾಳ ಎಂದು ಕೆಲವು ಬಿಳಿಯ ಬೋಧಕರು ಹೇಳುತ್ತಾ ತಿರುಗಿದರು. ಇಲ್ಲಿ ನನಗೆ ಭಕ್ತಿಗಿಂತ ವರ್ಣದ್ವೇಷವೇ ಜಾಸ್ತಿ ಕಾಣುತ್ತದೆ. ಯಾಕೆಂದರೆ ರಾಕ್ ಸಂಗೀತ ಚರ್ಚ್‌ಗೆ ಹೊರಗಿನಿಂದ ನುಗ್ಗಿದ್ದಲ್ಲ, ಅದರ ಒಂದು ಬೇರು ಚರ್ಚ್‌ನಲ್ಲೇ ಇತ್ತು. 1915ರಲ್ಲಿ ಹುಟ್ಟಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಕಪ್ಪು ಪೆಂಟಕೋಸ್ಟಲ್ ಸಭೆಯಲ್ಲಿ ಬೆಳೆದು, ಎಲೆಕ್ಟ್ರಿಕ್ ಗಿಟಾರ್ ಹಿಡಿದು ದೇವರನ್ನು ಹಾಡಿದವರು. ನೈಟ್‌ಕ್ಲಬ್‌ಗಳಲ್ಲೂ ಹಾಡಿದರೆಂದು ಸಭೆಯವರೇ ಮುನಿಸಿಕೊಂಡರು. ಮುಂದೆ ರಾಕ್ ಹಾಡಿದ ಹಲವರು ಅವರಿಂದ ಕಲಿತರು. ಇನ್ನು ಟೀವಿ ಬೋಧಕ ಜಿಮ್ಮಿ ಸ್ವ್ಯಾಗರ್ಟ್. 1980ರ ದಶಕದಲ್ಲಿ ಕ್ರಿಶ್ಚಿಯನ್ ರಾಕ್ ವಿರುದ್ಧ ಗುಡುಗಿದವರು. ರಾಕ್‌ನ ದೊಡ್ಡ ಹೆಸರು ಜೆರ್ರಿ ಲೀ ಲೂಯಿಸ್ ಅವರ ಸ್ವಂತ ಕಸಿನ್ನು!

ಆಮೇಲೆ ಜಗಳಕ್ಕೊಂದು ಸುಲಭದ ಪರಿಹಾರ ಸಿಕ್ಕಿತು. ಬೆಳಿಗ್ಗೆ ಬೇಗ ಹಳೇ ಹಾಡಿನ ಆರಾಧನೆ, ಆಮೇಲೆ ಬ್ಯಾಂಡಿನ ಆರಾಧನೆ. ಒಂದೇ ಸಭೆ, ಅಜ್ಜಿ ಒಂದು ಹೊತ್ತಿಗೆ, ಮೊಮ್ಮಗ ಇನ್ನೊಂದು ಹೊತ್ತಿಗೆ. ಶಾಂತಿಯೇನೋ ಆಯಿತು, ಆದರೆ ಒಟ್ಟಿಗೆ ಹಾಡುವುದು ಹೋಯಿತಲ್ವಾ?

ವಾದ್ಯದ ಬಗ್ಗೆ ಬಡಿದಾಡುವಾಗ ಎರಡು ದೊಡ್ಡ ಬದಲಾವಣೆಗಳು ಗಲಾಟೆಯಿಲ್ಲದೆ ಬಂದುಬಿಟ್ಟವು. ಮೊದಲನೆಯದು ಸದ್ದು. ಪಕ್ಕದಲ್ಲಿ ನಿಂತವರ ದನಿ ಇರಲಿ, ನಮ್ಮ ದನಿಯೇ ನಮಗೆ ಕೇಳದಷ್ಟು ಸ್ಪೀಕರ್ ಹಚ್ಚಿದರೆ ಜನ ಹಾಡುವುದನ್ನು ಬಿಟ್ಟು ನೋಡತೊಡಗುತ್ತಾರೆ. ಜನರೇ ಹಾಡಲಿ ಎಂದ ಲೂಥರ್ ಮಾತಿಗೆ ಇದು ಪೂರಾ ಉಲ್ಟಾ. ಎರಡನೆಯದು ಹಾಡಿನ ಒಡೆತನ. ಹಾಡಿನ ಸಾಲುಗಳನ್ನು ಪರದೆಯ ಮೇಲೆ ತೋರಿಸಲು ಹಕ್ಕು ಬೇಕು. ಅದಕ್ಕೆ 1988ರಲ್ಲಿ ಅಮೆರಿಕದಲ್ಲಿ ಸಿಸಿಎಲ್‌ಐ ಎಂಬ ಸಂಸ್ಥೆ ಶುರುವಾಯಿತು. ಸಭೆಗಳು ವರ್ಷಕ್ಕಿಷ್ಟು ಅಂತ ಲೈಸೆನ್ಸ್ ಹಣ ಕಟ್ಟುತ್ತವೆ, ಹಾಡು ಬರೆದವರಿಗೆ ಪಾಲು ಹೋಗುತ್ತದೆ. ನ್ಯಾಯವೇ. ಆದರೆ ಯಾವ ಹಾಡು ಹೆಚ್ಚು ಹಾಡುತ್ತಾರೆ ಎಂಬ ಪಟ್ಟಿಯೂ ಅದರಿಂದಲೇ ಹುಟ್ಟಿತು. 2010ರಿಂದ 2020ರವರೆಗೆ ಇಂಥ ಪಟ್ಟಿಗಳ ಮೇಲ್ತುದಿಗೆ ಬಂದ 38 ಹಾಡುಗಳನ್ನು ಸಂಶೋಧಕರು ಜಾಲಾಡಿದರು. 36 ಹಾಡುಗಳಿಗೆ ನಾಲ್ಕೇ ದೊಡ್ಡ ಚರ್ಚ್‌ಗಳ ನಂಟು ಸಿಕ್ಕಿತು: ಆಸ್ಟ್ರೇಲಿಯಾದ ಹಿಲ್‌ಸಾಂಗ್, ಅಮೆರಿಕದ ಬೆಥೆಲ್, ಎಲಿವೇಶನ್, ಪ್ಯಾಶನ್. ಲೋಕದ ಮೂಲೆಮೂಲೆಯ ಸಭೆಗಳು ಏನು ಹಾಡಬೇಕೆಂದು ನಾಲ್ಕು ಕಡೆ ತೀರ್ಮಾನವಾದರೆ ಅದು ಡ್ರಮ್ಸ್‌ಗಿಂತ ದೊಡ್ಡ ವಿಷಯ.

ನಮ್ಮ ಕಡೆ ಜಗಳದ ಬಣ್ಣವೇ ಬೇರೆ. ತಂಜಾವೂರಿನ ವೇದನಾಯಗಂ ಶಾಸ್ತ್ರಿ ಕರ್ನಾಟಕ ಸಂಗೀತದಲ್ಲಿ ಯೇಸುವನ್ನು ಹಾಡಿದ ಕವಿ. ತಮಿಳು ಹಾಡುಗಳನ್ನು ತೆಗೆಸಿದರೆಂದು 1829ರ ಹೊತ್ತಿಗೆ ಹೊಸ ಮಿಷನರಿಗಳ ಮೇಲೆ ದೂರು ಬರೆದರು. ಅದೇ ದೂರಿನಲ್ಲಿ, ಸಭೆಯೊಳಗೆ ಜಾತಿಭೇದ ಬಿಡಿ ಎಂದು ಒತ್ತಾಯಿಸುತ್ತಾರೆ ಎಂಬುದೂ ಇತ್ತು. ಅದನ್ನು ಮುಚ್ಚಿಟ್ಟು ಅವರನ್ನು ಬರೀ ಸಂಸ್ಕೃತಿಯ ಕಾವಲುಗಾರ ಅಂದರೆ ಸರಿಯಾಗಲ್ಲ.

ಕನ್ನಡಕ್ಕೆ ಬಂದರೆ, 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಜೊತೆಗೆ ಜರ್ಮನ್ ರಾಗಗಳೂ ಬಂದವು. ತೊಡಕು ಇಲ್ಲೇ. ಜರ್ಮನ್, ಇಂಗ್ಲಿಷ್ ಹಾಡು ಪದದ ಒತ್ತಿನ ಮೇಲೆ ನಡೆಯುತ್ತದೆ, ಕನ್ನಡದ ಹಾಡು ಲಘು–ಗುರು, ಮಾತ್ರೆಗಳ ಮೇಲೆ. ಇದನ್ನು ಚೆನ್ನಾಗಿ ಅರಿತಿದ್ದವರು ಕಿಟ್ಟೆಲ್. 1853ರಲ್ಲಿ ಬಂದವರು 1862ರಲ್ಲಿ ‘ಕಥಾಮಾಲೆ’ ಬರೆದು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಅಚ್ಚು ಹಾಕಿಸಿದರು. ನಿಘಂಟು ಬಂದದ್ದು ಆಮೇಲೆ, 1894ರಲ್ಲಿ.

ಈಗ ಸಭೆಗಳಲ್ಲಿ ಇಂಗ್ಲಿಷ್ ಹಾಡುಗಳ ಅನುವಾದ ಬರುತ್ತಲೇ ಇದೆ. ಗಿಟಾರ್ ಹಿಡಿದ ಹುಡುಗರ ಭಕ್ತಿಯಲ್ಲಿ ನನಗೆ ಅನುಮಾನವಿಲ್ಲ, ಡ್ರಮ್ಸ್ ಬಗ್ಗೆ ತಕರಾರೂ ಇಲ್ಲ. ಆದರೆ ರಾಗಕ್ಕೆ ಪದ ಸಾಲದೇ ಹೋದಾಗ ಹ್ರಸ್ವವನ್ನು ಎಳೆಯುತ್ತಾರೆ. ‘ಕೃಪೆ ಕೊಡು’ ಎಂದು ಶುರುವಾದ ಬೇಡಿಕೆ ನಾಲ್ಕನೇ ಸಲ ಬರುವಷ್ಟರಲ್ಲಿ ‘ಕೋಡು’ ಆಗಿರುತ್ತದೆ. ಇಡೀ ಸಭೆ ಕಣ್ಣು ಮುಚ್ಚಿ, ಕೈ ಎತ್ತಿ, ದೇವರ ಹತ್ತಿರ ಕೊಂಬು ಕೇಳುತ್ತಿರುತ್ತದೆ.